ಸೋತವರಿಗೇ ಮೊದಲ ಸರದಿ

ಸಿಇಟಿ ಕೌನ್ಸೆಲಿಂಗ್‌ನಲ್ಲಿ ಮೊದಲು ಸೀಟು ಆರಿಸಿಕೊಳ್ಳುವವರು ಯಾರು? ಮೊದಲ ರ‍್ಯಾಂಕ್ ಬಂದವರು. ಪಟ್ಟಿಯ ಕೊನೆಯಲ್ಲಿದ್ದವರಿಗೆ ಸಿಗುವುದು ಉಳಿದವರೆಲ್ಲ ಬೇಡವೆಂದು ಬಿಟ್ಟದ್ದು. ಕ್ಯಾಂಪಸ್ ಸಂದರ್ಶನದಲ್ಲೂ ಅದೇ ಕಥೆ. ಅಂಕ ಹೆಚ್ಚಿದ್ದವರಿಗೆ ಮೊದಲ ದಿನವೇ ಒಳ್ಳೆಯ ಕಂಪನಿ, ಮಿಕ್ಕವರಿಗೆ ಮಿಕ್ಕಿದ್ದು. ಇದರಲ್ಲಿ ತಪ್ಪೇನಿದೆ ಎಂದು ನೀವು ಕೇಳಬಹುದು. ತಪ್ಪೇನೂ ಇಲ್ಲ. ಆದರೆ ಇದಕ್ಕೆ ಪೂರ್ತಿ ತಿರುವುಮುರುವಾದ ಪದ್ಧತಿಯೊಂದು ಜಗತ್ತಿನಲ್ಲಿದೆ. ಅದೂ ಎಲ್ಲಿ? ಗೆದ್ದವರನ್ನು ತಲೆಯ ಮೇಲೆ ಹೊತ್ತು ಮೆರೆಸುವ ಅಮೆರಿಕದಲ್ಲಿ, ಅಲ್ಲಿನ ಅತಿ ದೊಡ್ಡ ವೃತ್ತಿಪರ ಕ್ರೀಡಾ ಲೀಗ್‌ನಲ್ಲಿ.

ಎನ್‌ಎಫ್‌ಎಲ್ ಎಂಬ ಅಮೆರಿಕನ್ ಫುಟ್‌ಬಾಲ್ ಲೀಗ್‌ನಲ್ಲಿ 32 ತಂಡಗಳಿವೆ. ಪ್ರತಿ ವರ್ಷ ಕಾಲೇಜು ಮುಗಿಸಿ ಬರುವ ಹೊಸ ಆಟಗಾರರನ್ನು ಹಂಚಿಕೊಳ್ಳಲು 'ಡ್ರಾಫ್ಟ್' ನಡೆಯುತ್ತದೆ. ಹಿಂದಿನ ಸೀಸನ್‌ನಲ್ಲಿ ಎಲ್ಲರಿಗಿಂತ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಆಯ್ಕೆ. ಕಪ್ ಗೆದ್ದ ತಂಡ 32ನೇ ಸರದಿಗೆ ಕಾಯಬೇಕು. ಹೀಗೆ ಏಳು ಸುತ್ತು. ಇದು 1936ರಿಂದ ನಡೆದುಬಂದ ಪದ್ಧತಿ. ಇದರ ಜೊತೆಗೆ ಯಾವ ತಂಡವೂ ಆಟಗಾರರ ಸಂಬಳಕ್ಕೆ ಇಂತಿಷ್ಟಕ್ಕಿಂತ ಹೆಚ್ಚು ಖರ್ಚು ಮಾಡುವಂತಿಲ್ಲ ಎಂಬ ಮಿತಿ ಬೇರೆ. ದುಡ್ಡಿದ್ದವರೇ ಎಲ್ಲರನ್ನೂ ಕೊಂಡುಕೊಳ್ಳದಿರಲಿ, ಇವತ್ತು ಸೋತವರು ನಾಳೆ ಎದ್ದು ನಿಲ್ಲಲಿ ಎಂಬುದು ಇದರ ಹಿಂದಿನ ಲೆಕ್ಕಾಚಾರ.

ಇಷ್ಟು ಅನುಕೂಲವಿದ್ದೂ ಅರವತ್ತಕ್ಕೂ ಹೆಚ್ಚು ವರ್ಷ ಸೋಲುತ್ತಲೇ ಇದ್ದ ತಂಡವೊಂದಿತ್ತು: ಡೆಟ್ರಾಯಿಟ್ ಲಯನ್ಸ್. ಆ ತಂಡ 2023ರಲ್ಲಿ ಹೇಗೆ ಎದ್ದಿತು ಎಂಬುದು ಈ ಬರಹದ ವಿಷಯ.

ನನಗೂ ಈ ತಂಡಕ್ಕೂ ನಂಟು ಬೆಳೆದದ್ದು ಭಾವನಿಂದ. ಅಕ್ಕ ಮದುವೆಯಾಗಿ ಹೋದದ್ದು ಮಿಷಿಗನ್ ರಾಜ್ಯಕ್ಕೆ. ಡೆಟ್ರಾಯಿಟ್ ಸುತ್ತಮುತ್ತ ಕಾರು ಕಂಪನಿಗಳಲ್ಲಿ ದುಡಿಯುವ ಕನ್ನಡಿಗರು ಕಡಿಮೆಯೇನಿಲ್ಲ. ಪಂಪ ಕನ್ನಡ ಕೂಟ ಎಂಬ ಸಂಘವೇ ಅಲ್ಲಿದೆ. ಭಾವನೂ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲೇ ಎಂಜಿನಿಯರ್. "ನಮ್ಮಲ್ಲಿ ಭಾನುವಾರ ತಂಡ ಸೋತರೆ ಸೋಮವಾರ ಆಫೀಸಿನಲ್ಲಿ ಯಾರೂ ಅದರ ಬಗ್ಗೆ ಮಾತಾಡಲ್ಲ ಕಣೋ. ಬೇಜಾರಿಗಲ್ಲ, ಅಭ್ಯಾಸ ಆಗಿಹೋಗಿದೆ" ಎಂದು ಅವರು ಒಮ್ಮೆ ಫೋನಿನಲ್ಲಿ ಹೇಳಿದ್ದರು. ಡಿಗ್ರಿ ಮುಗಿಸಿ ಅರ್ಜಿ ಮೇಲೆ ಅರ್ಜಿ ಹಾಕುತ್ತಿದ್ದ ನನಗೆ ಆ ಮಾತು ಎಲ್ಲೋ ನಾಟಿತು. ಸೋಲು ನೋವು ಕೊಡುವುದು ಒಂದು ಹಂತ. ಸೋಲು ಅಭ್ಯಾಸವಾಗುವುದು ಅದಕ್ಕಿಂತ ಕೆಟ್ಟ ಹಂತ. ಅಂಥ ತಂಡವನ್ನು ನೋಡೋಣ ಅನ್ನಿಸಿತು.

ನೆಲ ಗೆಲ್ಲುವ ಆಟ

ಕಾಲಿಗಿಂತ ಕೈಯಲ್ಲೇ ಹೆಚ್ಚು ಆಡುವ ಆಟಕ್ಕೆ ಫುಟ್‌ಬಾಲ್ ಎಂಬ ಹೆಸರೇಕೆ ಎಂದು ನಮಗೆಲ್ಲ ನಗು ಬರುತ್ತದೆ. ಆದರೆ ಕಬಡ್ಡಿ ನೋಡಿ ಬೆಳೆದವರಿಗೆ ಈ ಆಟ ಅರ್ಥವಾಗುವುದು ಕಷ್ಟವಲ್ಲ. ಎರಡೂ ಕಡೆ ಹನ್ನೊಂದು ಹನ್ನೊಂದು ಜನ, ನೂರು ಗಜದ ಮೈದಾನ. ಚೆಂಡು ಯಾರ ಬಳಿ ಇದೆಯೋ ಆ ತಂಡಕ್ಕೆ ನಾಲ್ಕು ಯತ್ನಗಳು. ಅಷ್ಟರೊಳಗೆ ಹತ್ತು ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಯತ್ನ. ಹೀಗೆ ಎದುರಾಳಿಯ ಕೊನೆಯ ಗೆರೆ ದಾಟಿದರೆ ಟಚ್‌ಡೌನ್, ಆರು ಅಂಕ. ಅದರ ಮೇಲೆ ಒಂದು ಒದೆತಕ್ಕೆ ಇನ್ನೊಂದು ಅಂಕ. ಗೆರೆ ದಾಟಲಾಗದಿದ್ದರೂ ಹತ್ತಿರ ಹೋಗಿ ಎರಡು ಕಂಬಗಳ ನಡುವೆ ಚೆಂಡು ಒದ್ದರೆ ಮೂರು ಅಂಕ.

ಮೂರು ಯತ್ನಗಳಲ್ಲಿ ಹತ್ತು ಗಜ ಆಗದಿದ್ದರೆ ಹೆಚ್ಚಿನ ತಂಡಗಳು ನಾಲ್ಕನೆಯದರಲ್ಲಿ ಅಪಾಯಕ್ಕೆ ಕೈ ಹಾಕುವುದಿಲ್ಲ. ಕಂಬ ಹತ್ತಿರವಿದ್ದರೆ ಮೂರು ಅಂಕಕ್ಕೆ ಒದೆಯುತ್ತವೆ, ದೂರವಿದ್ದರೆ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುತ್ತವೆ. ನಾಲ್ಕನೆಯ ಯತ್ನದಲ್ಲೂ ಮುನ್ನುಗ್ಗಿ ವಿಫಲವಾದರೆ ಚೆಂಡು ಅದೇ ಜಾಗದಲ್ಲಿ ಎದುರಾಳಿಯ ಪಾಲು. ಪ್ರೊ ಕಬಡ್ಡಿಯ 'ಡೂ ಆರ್ ಡೈ' ರೇಡ್ ಇದ್ದ ಹಾಗೆ ಅನ್ನಿ. ಒಂದೇ ವ್ಯತ್ಯಾಸ, ಇಲ್ಲಿ ನುಗ್ಗಲೇಬೇಕೆಂಬ ಕಡ್ಡಾಯವಿಲ್ಲ. ಈ ನಾಲ್ಕನೇ ಯತ್ನವನ್ನು ನೆನಪಿಟ್ಟುಕೊಳ್ಳಿ. ಕಥೆಯ ಕೊನೆಯಲ್ಲಿ ಅದು ಬರುತ್ತದೆ.

ಅರವತ್ತು ವರ್ಷಗಳ ಬರ

ಲಯನ್ಸ್ ಹುಟ್ಟಿನಿಂದ ಬಡಪಾಯಿ ತಂಡವಲ್ಲ. 1935, 1952, 1953, 1957ರಲ್ಲಿ ಲೀಗ್ ಗೆದ್ದವರು. ಆಮೇಲೆ ಏನಾಯಿತೋ, ಬರ ಶುರುವಾಯಿತು. 1957ರ ನಂತರ 2023ರವರೆಗೆ ನಾಕೌಟ್ ಹಂತದಲ್ಲಿ ಅವರು ಗೆದ್ದ ಪಂದ್ಯಗಳ ಸಂಖ್ಯೆ ಕೇವಲ ಒಂದು. ಅದು 1992ರ ಜನವರಿಯಲ್ಲಿ, ಡಲ್ಲಾಸ್ ಕೌಬಾಯ್ಸ್ ವಿರುದ್ಧ. ಅದಾದ ಮೇಲೆ ನಾಕೌಟ್‌ನಲ್ಲಿ ಸತತ ಒಂಬತ್ತು ಸೋಲು. 1967ರಿಂದ ನಡೆಯುತ್ತಿರುವ ಸೂಪರ್ ಬೌಲ್ ಫೈನಲ್‌ಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ.

2008ರಲ್ಲಂತೂ ಆಡಿದ 16 ಪಂದ್ಯಗಳಲ್ಲಿ 16ನ್ನೂ ಸೋತು, ಒಂದು ಸೀಸನ್‌ನಲ್ಲಿ 16ಕ್ಕೆ 16 ಸೋತ ಮೊದಲ ತಂಡವೆಂಬ ದಾಖಲೆ ಬರೆದರು. ಅಭಿಮಾನಿಗಳು ಮುಖ ಕಾಣದಂತೆ ತಲೆಗೆ ಕಾಗದದ ಚೀಲ ಹಾಕಿಕೊಂಡು ಸ್ಟೇಡಿಯಂಗೆ ಬರುತ್ತಿದ್ದರು. ಬ್ಯಾರಿ ಸ್ಯಾಂಡರ್ಸ್‌ನಂಥ ಅಪ್ರತಿಮ ಓಟಗಾರ ಇನ್ನೂ ಆಡುವ ಶಕ್ತಿ ಇದ್ದಾಗಲೇ 1999ರಲ್ಲಿ ನಿವೃತ್ತಿ ಹೇಳಿಬಿಟ್ಟ. ಕ್ಯಾಲ್ವಿನ್ ಜಾನ್ಸನ್ ಮೂವತ್ತರ ವಯಸ್ಸಿಗೇ ಬೂಟು ಕಳಚಿಟ್ಟ. 'ಈ ಸಲ ಕಪ್ ನಮ್ದೇ' ಎಂದು 18 ಸೀಸನ್ ಕಾದ ಆರ್‌ಸಿಬಿ ಅಭಿಮಾನಿಗಳಿಗೆ ಕಾಯುವುದೆಂದರೇನು ಎಂದು ಗೊತ್ತು. ಆದರೆ ಆರ್‌ಸಿಬಿ ನಡುನಡುವೆ ಫೈನಲ್ ಆದರೂ ಆಡುತ್ತಿತ್ತು. ಲಯನ್ಸ್ ಅಭಿಮಾನಿಗಳಿಗೆ ಅಷ್ಟೂ ಇರಲಿಲ್ಲ.

ತಂಡದಂತೆ ಊರಿಗೂ ಏಟು ಬಿದ್ದಿತ್ತು. ಒಂದು ಕಾಲಕ್ಕೆ ಜಗತ್ತಿಗೆ ಕಾರು ಕೊಟ್ಟ ಡೆಟ್ರಾಯಿಟ್‌ನ ಜನಸಂಖ್ಯೆ 1950ರಲ್ಲಿ 18 ಲಕ್ಷ ದಾಟಿತ್ತು. 2020ರ ಜನಗಣತಿಯಲ್ಲಿ ಅದು ಆರೂವರೆ ಲಕ್ಷಕ್ಕೂ ಕಡಿಮೆ. ಕಾರ್ಖಾನೆಗಳು ಮುಚ್ಚಿದವು, ಕೆಲಸ ಹುಡುಕಿ ಜನ ಊರು ಬಿಟ್ಟರು. 2013ರ ಜುಲೈನಲ್ಲಿ ನಗರಾಡಳಿತವೇ ದಿವಾಳಿ ಅರ್ಜಿ ಹಾಕಿತು. ಅಮೆರಿಕದ ಇತಿಹಾಸದಲ್ಲಿ ಅಷ್ಟು ದೊಡ್ಡ ನಗರ ದಿವಾಳಿ ಹಿಂದೆ ಆಗಿರಲಿಲ್ಲ.

ಮೊದಲ ಸರದಿ ಕೊಡುವ ಡ್ರಾಫ್ಟ್ ಏನು ಮಾಡುತ್ತಿತ್ತು ಎಂದು ಕೇಳಿದರೆ, ಅದು ತನ್ನ ಕೆಲಸ ಮಾಡುತ್ತಲೇ ಇತ್ತು. ಸೋತಷ್ಟೂ ಲಯನ್ಸ್‌ಗೆ ಮುಂದಿನ ಸಾಲಿನ ಆಯ್ಕೆ ಸಿಗುತ್ತಿತ್ತು. ಆದರೆ 2003, 2004, 2005 ಹೀಗೆ ಮೂರು ವರ್ಷವೂ ಮೊದಲ ಸುತ್ತಿನಲ್ಲಿ ಅವರು ಮೊದಲು ಆರಿಸಿದ್ದು ಚೆಂಡು ಹಿಡಿಯುವ ರಿಸೀವರ್‌ಗಳನ್ನೇ. ಮನೆಗೆ ಅಡಿಪಾಯ ಇಲ್ಲದಿರುವಾಗ ಮೂರು ಸಲವೂ ಕಿಟಕಿಯನ್ನೇ ಕೊಂಡು ತಂದಂತೆ. ಅವಕಾಶ ಸಿಕ್ಕರೆ ಸಾಕು, ಎಲ್ಲ ಸರಿಹೋಗುತ್ತದೆ ಎನ್ನುವವರು ಲಯನ್ಸ್‌ನ ಈ ಅಧ್ಯಾಯ ಓದಬೇಕು.

ಬೇಡವಾದವರ ಕೂಟ

2021ರ ಜನವರಿಯಲ್ಲಿ ಇಬ್ಬರು ಹೊಸಬರು ಬಂದರು. ಜನರಲ್ ಮ್ಯಾನೇಜರ್ ಆಗಿ ಬ್ರ್ಯಾಡ್ ಹೋಮ್ಸ್, ಕೋಚ್ ಆಗಿ ಡ್ಯಾನ್ ಕ್ಯಾಂಪ್‌ಬೆಲ್.

ಹೋಮ್ಸ್ 2003ರಲ್ಲಿ ರ‍್ಯಾಮ್ಸ್ ತಂಡದ ಪ್ರಚಾರ ವಿಭಾಗದಲ್ಲಿ ಇಂಟರ್ನ್ ಆಗಿ ಸೇರಿದವರು. ಅಲ್ಲಿಂದ ಆಟಗಾರರನ್ನು ಹುಡುಕುವ ವಿಭಾಗಕ್ಕೆ ಹೋಗಿ, ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬಂದರು. ಕ್ಯಾಂಪ್‌ಬೆಲ್ ಮಾಜಿ ಆಟಗಾರ. 2008ರ ಆ ಕುಖ್ಯಾತ ತಂಡದಲ್ಲಿ ಅವರೂ ಇದ್ದರು ಎಂಬುದು ಗಮನಿಸಬೇಕಾದ ಸಂಗತಿ. ಹೊಸ ಕೋಚ್ ತಮ್ಮ ಮೊದಲ ಪತ್ರಿಕಾಗೋಷ್ಠಿಯಲ್ಲೇ, ನಮ್ಮನ್ನು ಕೆಡವಿದರೆ ಏಳುವಾಗ ನಿಮ್ಮ ಮೊಣಕಾಲ ಚಿಪ್ಪು ಕಚ್ಚಿಕೊಂಡೇ ಏಳುತ್ತೇವೆ ಎಂಬರ್ಥದ ಮಾತಾಡಿದರು. ದೇಶವೆಲ್ಲ ನಕ್ಕಿತು. ಲಯನ್ಸ್‌ಗೆ ತಕ್ಕ ಕೋಚ್ ಸಿಕ್ಕ ಎಂದು ಲೇವಡಿ ಮಾಡಿದವರೇ ಹೆಚ್ಚು.

ಅದೇ ಹೊತ್ತಿಗೆ ತಂಡದ ದೊಡ್ಡ ಹೆಸರು, 12 ಸೀಸನ್ ಆಡಿದ್ದ ಮ್ಯಾಥ್ಯೂ ಸ್ಟ್ಯಾಫರ್ಡ್ ಬೇರೆ ಕಡೆ ಹೋಗಲು ಬಯಸಿದರು. ಅವರು ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಇಡೀ ಆಟ ನಡೆಸುವವರು. ಲಾಸ್ ಏಂಜಲೀಸ್ ರ‍್ಯಾಮ್ಸ್ ಅವರನ್ನು ತೆಗೆದುಕೊಂಡಿತು. ಬದಲಿಗೆ ಲಯನ್ಸ್‌ಗೆ ಕೊಟ್ಟದ್ದು ಮುಂದಿನ ವರ್ಷಗಳ ಎರಡು ಮೊದಲ ಸುತ್ತಿನ ಆಯ್ಕೆಗಳು, ಒಂದು ಮೂರನೇ ಸುತ್ತಿನ ಆಯ್ಕೆ, ಮತ್ತು ಜೇರೆಡ್ ಗಾಫ್.

ಈ 'ಮತ್ತು' ಎಂಬಲ್ಲಿ ಗಾಫ್ ಪಾಡು ಅಡಗಿದೆ. 2016ರ ಡ್ರಾಫ್ಟ್‌ನಲ್ಲಿ ದೇಶಕ್ಕೇ ಮೊದಲಿಗನಾಗಿ ಆಯ್ಕೆಯಾಗಿದ್ದ ಹುಡುಗ. 2019ರ ಫೆಬ್ರುವರಿಯಲ್ಲಿ ರ‍್ಯಾಮ್ಸ್ ತಂಡವನ್ನು ಸೂಪರ್ ಬೌಲ್‌ಗೂ ಕರೆದೊಯ್ದಿದ್ದ. ಅಲ್ಲಿ ಸೋತ. ಎರಡು ವರ್ಷದೊಳಗೆ ಅವನ ತಂಡಕ್ಕೆ ಅವನು ಬೇಡವಾದ. ಅಂಗಡಿಯಲ್ಲಿ ದೊಡ್ಡ ಸಾಮಾನು ಕೊಳ್ಳುವಾಗ ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಡುತ್ತೇವಲ್ಲ, ಹಾಗೆ ಡೆಟ್ರಾಯಿಟ್‌ಗೆ ಬಂದ. ಸ್ಟ್ಯಾಫರ್ಡ್ ಹೋದ ವರ್ಷವೇ ರ‍್ಯಾಮ್ಸ್‌ಗೆ ಸೂಪರ್ ಬೌಲ್ ಗೆದ್ದುಕೊಟ್ಟರು. ವಿನಿಮಯದಲ್ಲಿ ಲಾಭ ಯಾರಿಗೆ ಎಂಬ ಚರ್ಚೆಯೇ ಅಲ್ಲಿಗೆ ಮುಗಿದಂತಿತ್ತು.

ಇನ್ನೊಬ್ಬ ಅಮೋನ್-ರಾ ಸೇಂಟ್ ಬ್ರೌನ್. ಅಪ್ಪ ಮಿಸ್ಟರ್ ಯೂನಿವರ್ಸ್ ಪ್ರಶಸ್ತಿ ಪಡೆದ ದೇಹದಾರ್ಢ್ಯ ಪಟು. ಮಗ ರಿಸೀವರ್. 2021ರ ಡ್ರಾಫ್ಟ್‌ನಲ್ಲಿ ಅವನ ಹೆಸರು ಕರೆದದ್ದು ನಾಲ್ಕನೇ ಸುತ್ತಿನಲ್ಲಿ, 112ನೆಯವನಾಗಿ. ಅವನಿಗಿಂತ ಮೊದಲು 16 ರಿಸೀವರ್‌ಗಳನ್ನು ಬೇರೆ ಬೇರೆ ತಂಡಗಳು ಆರಿಸಿಕೊಂಡಿದ್ದವು. ಆ ಹದಿನಾರೂ ಹೆಸರುಗಳನ್ನು ಅವನು ಕ್ರಮ ತಪ್ಪದೆ ಬಾಯಿಪಾಠ ಹೇಳುತ್ತಾನೆ. ತಿರಸ್ಕಾರದ ಇಮೇಲ್‌ಗಳನ್ನು ಅಳಿಸದೆ ಇಟ್ಟುಕೊಂಡಿರುವ ನಮ್ಮಂಥವರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ.

ಅಂಕಪಟ್ಟಿಗೆ ಕಾಣದ ಕೆಲಸ

ಬೇಡವಾದವರೆಲ್ಲ ಒಂದಾದರು, ಕೂಡಲೇ ಗೆದ್ದರು ಎಂದರೆ ಅದು ಸಿನಿಮಾ. ನಿಜದಲ್ಲಿ ಆದದ್ದೇ ಬೇರೆ.

2021ರಲ್ಲಿ ಮೊದಲ 11 ಪಂದ್ಯಗಳಲ್ಲಿ ಲಯನ್ಸ್ ಒಂದನ್ನೂ ಗೆಲ್ಲಲಿಲ್ಲ. ಹತ್ತು ಸೋಲು, ಒಂದು ಸಮ. ಬಾಲ್ಟಿಮೋರ್ ವಿರುದ್ಧ ಗೆಲುವು ಕೈಯಲ್ಲಿದ್ದಾಗ ಎದುರಾಳಿಯ ಕಿಕ್ಕರ್ ಜಸ್ಟಿನ್ ಟಕರ್ 66 ಗಜ ದೂರದಿಂದ ಒದ್ದ ಚೆಂಡು ಅಡ್ಡಕಂಬಕ್ಕೆ ಬಡಿದು, ಪುಟಿದು ಒಳಗೆ ಬಿತ್ತು. ಅಷ್ಟು ದೂರದ ಗೋಲು ಅಲ್ಲಿಯವರೆಗೆ ಎನ್‌ಎಫ್‌ಎಲ್‌ನಲ್ಲಿ ಯಾರೂ ಹೊಡೆದಿರಲಿಲ್ಲ. ಎರಡು ವಾರದ ಮೇಲೆ ಮಿನೆಸೋಟಾ ವಿರುದ್ಧವೂ ಕೊನೆಯ ಒದೆತಕ್ಕೆ ಸೋಲು. ಆ ದಿನ ಪತ್ರಕರ್ತರ ಮುಂದೆ ಕ್ಯಾಂಪ್‌ಬೆಲ್ ಕಣ್ಣೀರು ಹಾಕಿದರು. ಡಿಸೆಂಬರ್ 5ರಂದು ಅದೇ ಮಿನೆಸೋಟಾ ವಿರುದ್ಧ, ಸಮಯ ಮುಗಿಯುವ ಕ್ಷಣದಲ್ಲಿ ಗಾಫ್ ಎಸೆದ ಚೆಂಡನ್ನು ಸೇಂಟ್ ಬ್ರೌನ್ ಹಿಡಿದಾಗ ಆ ಸೀಸನ್‌ನ ಮೊದಲ ಗೆಲುವು ದಕ್ಕಿತು. ಎಸೆದವನು ಎಕ್ಸ್‌ಚೇಂಜ್‌ನಲ್ಲಿ ಬಂದವನು, ಹಿಡಿದವನು ಹದಿನೇಳನೆಯವನು. ಸೀಸನ್ ಮುಗಿದಾಗ 3 ಗೆಲುವು, 13 ಸೋಲು, 1 ಸಮ.

ಮರುವರ್ಷವಾದರೂ ಸುಧಾರಿಸಿತೇ? 2022ರಲ್ಲಿ ಮೊದಲ ಏಳರಲ್ಲಿ ಆರು ಸೋಲು. ಇಲ್ಲಿ ಒಂದು ಘಟನೆ ನನಗೆ ಮುಖ್ಯ ಅನ್ನಿಸುತ್ತದೆ. ತಂಡ 1 ಗೆಲುವು, 5 ಸೋಲಿನಲ್ಲಿದ್ದಾಗ ಮಾಲಕಿ ಶೀಲಾ ಫೋರ್ಡ್ ಹ್ಯಾಂಪ್ ತಾವೇ ಪತ್ರಕರ್ತರ ಮುಂದೆ ಬಂದು, ಕೋಚ್ ಮತ್ತು ಮ್ಯಾನೇಜರ್ ಮೇಲೆ ತಮಗೆ ನಂಬಿಕೆಯಿದೆ ಎಂದು ಹೇಳಿದರು. ಕಾರು ಕಂಪನಿಯ ಹೆನ್ರಿ ಫೋರ್ಡ್ ಅವರ ಮರಿಮಗಳು ಇವರು. ಮುಂದಿನ ಪಂದ್ಯವನ್ನೂ ತಂಡ ಸೋತಿತು! ಆದರೂ ಯಾರನ್ನೂ ಮನೆಗೆ ಕಳಿಸಲಿಲ್ಲ.

ಅಂಕಪಟ್ಟಿ ನೋಡಿದವರಿಗೆ ಅಲ್ಲಿ ಕಾಣುತ್ತಿದ್ದುದು ಬರೀ ಸೋಲು. ಒಳಗಿದ್ದವರಿಗೆ ಕಾಣುತ್ತಿದ್ದುದು ಬೇರೆ. ಅವರು ಮೊದಲು ಕಟ್ಟಿದ್ದು ತಡೆಗೋಡೆ. ಕ್ವಾರ್ಟರ್‌ಬ್ಯಾಕ್‌ಗೆ ಏಟು ಬೀಳದಂತೆ ಮುಂದೆ ನಿಲ್ಲುವ ದೈತ್ಯರ ಸಾಲಿಗೆ 2021ರ ಮೊದಲ ಆಯ್ಕೆಯಾಗಿ ಪೆನೇ ಸೂಯೆಲ್ ಬಂದ. ಈ ಸಾಲಿನವರು ಚೆಂಡು ಮುಟ್ಟುವುದೇ ಅಪರೂಪ, ಟಿವಿಯಲ್ಲಿ ಅವರ ಹೆಸರು ಕೇಳುವುದೂ ಅಪರೂಪ. 2022ರಲ್ಲಿ ಎದುರಾಳಿಯ ಕ್ವಾರ್ಟರ್‌ಬ್ಯಾಕ್ ಮೇಲೆ ಮುಗಿಬೀಳಲು ಮಿಷಿಗನ್ ವಿಶ್ವವಿದ್ಯಾಲಯದ, ಅಂದರೆ ಪಕ್ಕದೂರಿನ ಹುಡುಗ ಐಡನ್ ಹಚಿನ್ಸನ್ ಬಂದ. ಸಲ ಸಲವೂ ಕಿಟಕಿ ಕೊಳ್ಳುತ್ತಿದ್ದವರು ಈಗ ಅಡಿಪಾಯ ತೆಗೆಯುತ್ತಿದ್ದರು. ಅಡಿಪಾಯ ತೆಗೆಯುವಾಗ ಕಟ್ಟಡ ಕಾಣುವುದಿಲ್ಲ, ಗುಂಡಿ ಮಾತ್ರ ಕಾಣುತ್ತದೆ.

ಲೆಕ್ಕಕ್ಕಿಲ್ಲದ ಪಂದ್ಯ

1-6ರಿಂದ ಲಯನ್ಸ್ ಉಳಿದ ಹತ್ತರಲ್ಲಿ ಎಂಟು ಗೆದ್ದರು. ಆ ಹತ್ತರಲ್ಲಿ ಕೊನೆಯದು 2023ರ ಜನವರಿ 8ರಂದು ಗ್ರೀನ್ ಬೇ ಪ್ಯಾಕರ್ಸ್ ವಿರುದ್ಧ, ಪ್ಯಾಕರ್ಸ್‌ನ ಅಂಗಳದಲ್ಲಿ. ನಾಕೌಟ್‌ಗೆ ಹೋಗಲು ಲಯನ್ಸ್‌ಗೆ ಒಂದು ಸಣ್ಣ ದಾರಿ ಇತ್ತು. ಆದರೆ ಅವರ ಪಂದ್ಯ ಶುರುವಾಗುವ ಮುನ್ನವೇ ಬೇರೆಡೆ ಸಿಯಾಟಲ್ ತಂಡ ಗೆದ್ದು ಆ ದಾರಿ ಮುಚ್ಚಿತು. ಇನ್ನು ಗೆದ್ದರೂ ಮನೆಗೆ, ಸೋತರೂ ಮನೆಗೆ. ಪ್ಯಾಕರ್ಸ್‌ಗೆ ಮಾತ್ರ ಗೆದ್ದರೆ ನಾಕೌಟ್.

ಸೋತಿದ್ದರೆ ಡ್ರಾಫ್ಟ್‌ನಲ್ಲಿ ಇನ್ನೂ ಮುಂದಿನ ಸರದಿ ಸಿಗುತ್ತಿತ್ತು ಎಂಬುದನ್ನೂ ಸೇರಿಸಿ ನೋಡಿ. ಲಾಭದ ಲೆಕ್ಕ ಹಾಕುವವರು ಸೋಲಿಗೇ ಮತ ಹಾಕಬೇಕಿತ್ತು. ಲಯನ್ಸ್ ಆಡಿದರು, 20-16ರಿಂದ ಗೆದ್ದರು.

ಈ ತಂಡದ ಕಥೆ ಹೇಳುವವರೆಲ್ಲ 2023ರ ಸೆಪ್ಟೆಂಬರ್‌ನಿಂದ ಶುರು ಮಾಡುತ್ತಾರೆ. ನನ್ನ ಮಟ್ಟಿಗೆ ತಿರುವು ಇಲ್ಲಿದೆ. ಬಹುಮಾನವೂ ಇಲ್ಲದ, ದಂಡವೂ ಇಲ್ಲದ ಆ ರಾತ್ರಿ ಅವರು ಸೋಲಿನ ಅಭ್ಯಾಸ ಬಿಟ್ಟರು. ಫೋನಿನಲ್ಲಿ ಭಾವ ಹೇಳಿದ್ದೂ ಅದನ್ನೇ: "ಸೋಮವಾರ ಆಫೀಸಲ್ಲಿ ಎಲ್ಲರೂ ಮಾತಾಡಿದರು ಕಣೋ."

ಆ ಸೀಸನ್

2023ರ ಸೀಸನ್‌ನ ಮೊಟ್ಟಮೊದಲ ಪಂದ್ಯ ಹಾಲಿ ಚಾಂಪಿಯನ್ ಕಾನ್ಸಾಸ್ ಸಿಟಿ ಚೀಫ್ಸ್ ವಿರುದ್ಧ, ಅವರದೇ ನೆಲದಲ್ಲಿ. ಪಂದ್ಯದ ಆರಂಭದಲ್ಲೇ ಲಯನ್ಸ್ ತಮ್ಮದೇ 17 ಗಜದ ಗೆರೆಯ ಬಳಿ ಸಿಕ್ಕಿಬಿದ್ದಿದ್ದರು. ನಾಲ್ಕನೇ ಯತ್ನ. ಚೆಂಡು ದೂರ ಒದೆಯುವವರಂತೆ ನಟಿಸಿ ಒದೆಯದೆ ಓಡಿದರು! ತಪ್ಪಿದ್ದರೆ ಎದುರಾಳಿಗೆ ಮನೆ ಬಾಗಿಲು ತೆರೆದಿಟ್ಟಂತಾಗುತ್ತಿತ್ತು. ತಪ್ಪಲಿಲ್ಲ. ಪಂದ್ಯ 21-20ಕ್ಕೆ ಅವರದಾಯಿತು.

ಆ ವರ್ಷ ಡ್ರಾಫ್ಟ್‌ನಲ್ಲಿ ಲಯನ್ಸ್ ಮಾಡಿದ ಆಯ್ಕೆಗಳನ್ನು ಪಂಡಿತರು ಗೇಲಿ ಮಾಡಿದ್ದರು. ಚೆಂಡು ಹಿಡಿದು ಓಡುವ ಜಮೀರ್ ಗಿಬ್ಸ್‌ನನ್ನು 12ನೆಯ ಆಯ್ಕೆಯಾಗಿ ತೆಗೆದುಕೊಂಡದ್ದು ದುಬಾರಿ ಎಂದರು. ಸ್ಟ್ಯಾಫರ್ಡ್ ಬದಲಿಗೆ ಬಂದಿದ್ದ ಆಯ್ಕೆಯನ್ನು ಇನ್ನೊಂದು ತಂಡಕ್ಕೆ ಕೊಟ್ಟು, ಅದರಿಂದಲೇ ಗಿಬ್ಸ್ ಮತ್ತು ಸ್ಯಾಮ್ ಲಪೋರ್ಟಾ ಇಬ್ಬರನ್ನೂ ಹೋಮ್ಸ್ ತಂದಿದ್ದರು. ಲಪೋರ್ಟಾ ತನ್ನ ಮೊದಲ ವರ್ಷದಲ್ಲೇ 86 ಸಲ ಚೆಂಡು ಹಿಡಿದು, ಟೈಟ್ ಎಂಡ್ ಎಂಬ ಆ ಸ್ಥಾನದ ಹೊಸಬರಲ್ಲಿ ದಾಖಲೆ ಮಾಡಿದ. ಹದಿನಾರು ಜನರ ನಂತರ ಆಯ್ಕೆಯಾಗಿದ್ದ ಸೇಂಟ್ ಬ್ರೌನ್ 119 ಸಲ ಚೆಂಡು ಹಿಡಿದು 1,515 ಗಜ ಕ್ರಮಿಸಿದ. ಬೇಡವಾಗಿದ್ದ ಗಾಫ್ 4,575 ಗಜಗಳಷ್ಟು ಪಾಸ್ ಎಸೆದ, 30 ಟಚ್‌ಡೌನ್ ಮಾಡಿಸಿದ.

ಡಿಸೆಂಬರ್ 24ರಂದು ಮಿನೆಸೋಟಾದಲ್ಲಿ 30-24ರ ಗೆಲುವಿನೊಂದಿಗೆ ತಮ್ಮ ಗುಂಪಿನ ಪಟ್ಟ ಲಯನ್ಸ್‌ಗೆ ಸಿಕ್ಕಿತು. 1993ರ ನಂತರ ಇದೇ ಮೊದಲು. ಒಟ್ಟು ಲೆಕ್ಕ 12 ಗೆಲುವು, 5 ಸೋಲು.

ನಾಕೌಟ್‌ನ ಮೊದಲ ಪಂದ್ಯಕ್ಕೆ ಎದುರಾಳಿ ಯಾರು ಗೊತ್ತೇ? ಲಾಸ್ ಏಂಜಲೀಸ್ ರ‍್ಯಾಮ್ಸ್. ಅಂದರೆ ಗಾಫ್‌ನನ್ನು ಬಿಟ್ಟುಕೊಟ್ಟ ತಂಡ. ಅದರ ಕ್ವಾರ್ಟರ್‌ಬ್ಯಾಕ್ ಡೆಟ್ರಾಯಿಟ್ ಬಿಟ್ಟುಹೋದ ಸ್ಟ್ಯಾಫರ್ಡ್. ಕಥೆಗಾರ ಬರೆದಿದ್ದರೆ ಇದು ಅತಿಯಾಯಿತು ಎನ್ನುತ್ತಿದ್ದೆವು. ಅಲ್ಲಿ 2024ರ ಜನವರಿ 14ರ ರಾತ್ರಿ, ನಮಗಿಲ್ಲಿ ಸಂಕ್ರಾಂತಿಯ ಬೆಳಿಗ್ಗೆ. ಮನೆಯಲ್ಲಿ ಎಳ್ಳು-ಬೆಲ್ಲದ ತಟ್ಟೆ ಸಿದ್ಧವಾಗುತ್ತಿದ್ದಾಗ ನಾನು ಮೊಬೈಲ್ ಪರದೆ ನೋಡುತ್ತಿದ್ದೆ. ಇಡೀ ಸ್ಟೇಡಿಯಂ "ಜೇರೆಡ್ ಗಾಫ್, ಜೇರೆಡ್ ಗಾಫ್" ಎಂದು ಒಂದೇ ಸ್ವರದಲ್ಲಿ ಕೂಗುತ್ತಿತ್ತು. ಅವನು ಎಸೆದ 27 ಪಾಸ್‌ಗಳಲ್ಲಿ 22 ಗುರಿ ಮುಟ್ಟಿದವು. ಕೊನೆಯಲ್ಲಿ ಪಂದ್ಯ ಭದ್ರಪಡಿಸಿದ ಪಾಸ್ ಹೋದದ್ದು ಸೇಂಟ್ ಬ್ರೌನ್ ಕೈಗೆ. 24-23. ಮೂವತ್ತೆರಡು ವರ್ಷಗಳ ನಂತರ ನಾಕೌಟ್ ಗೆಲುವು.

"ಏನಾಯ್ತೋ, ಬೆಳಿಗ್ಗೆ ಬೆಳಿಗ್ಗೆ ಕಿರುಚ್ತೀಯ?" ಎಂದು ಅಮ್ಮ ಅಡುಗೆಮನೆಯಿಂದ ಕೇಳಿದರು. "ಬೇಡ ಅಂದವರ ಮುಂದೇನೇ ಗೆದ್ದ ಅಮ್ಮ" ಎಂದೆ. "ಒಳ್ಳೇದಾಯ್ತು ಬಿಡು" ಎಂದರು. ಯಾರು, ಎಲ್ಲಿ ಎಂದು ಅವರು ಕೇಳಲೂ ಇಲ್ಲ.

ಮುಂದಿನ ವಾರ ಟ್ಯಾಂಪಾ ಬೇ ವಿರುದ್ಧ 31-23. ಸೂಪರ್ ಬೌಲ್‌ಗೆ ಇನ್ನೊಂದೇ ಹೆಜ್ಜೆ.

ನಾಲ್ಕನೇ ಯತ್ನ

ಆ ಹೆಜ್ಜೆ ಇಡಲಾಗಲಿಲ್ಲ. ಜನವರಿ 28ರಂದು ಸ್ಯಾನ್ ಫ್ರಾನ್ಸಿಸ್ಕೋ 49ಅರ್ಸ್ ವಿರುದ್ಧ ಅರ್ಧ ಪಂದ್ಯ ಮುಗಿದಾಗ ಲಯನ್ಸ್ 24-7ರಿಂದ ಮುಂದಿದ್ದರು. ಮೂರನೇ ಕ್ವಾರ್ಟರ್‌ನಲ್ಲಿ ಎದುರಾಳಿಯ 28 ಗಜದ ಗೆರೆಯ ಬಳಿ ನಾಲ್ಕನೇ ಯತ್ನ ಬಂತು. ಬೇಕಾದದ್ದು ಎರಡೇ ಗಜ. ಒದ್ದು ಮೂರು ಅಂಕಕ್ಕೆ ಯತ್ನಿಸಬಹುದಿತ್ತು. ಕ್ಯಾಂಪ್‌ಬೆಲ್ ನುಗ್ಗಿ ಎಂದರು. ಗಾಫ್ ಎಸೆದ ಚೆಂಡು ಆಟಗಾರನ ಕೈಗೆ ಬಂದು ಜಾರಿತು. ಅಲ್ಲಿಂದ ಎಲ್ಲವೂ ತಲೆಕೆಳಗು. ಎದುರಾಳಿಯ ಉದ್ದ ಎಸೆತವೊಂದು ಲಯನ್ಸ್ ಆಟಗಾರನ ಹೆಲ್ಮೆಟ್‌ಗೆ ಬಡಿದು ಪುಟಿದು ಎದುರಾಳಿಯ ಕೈಗೇ ಬಿತ್ತು. ಗಿಬ್ಸ್ ಚೆಂಡು ಕೈಬಿಟ್ಟ. ನೋಡನೋಡುತ್ತಲೇ 24-24, ಆಮೇಲೆ 27-24. ಮತ್ತೊಂದು ನಾಲ್ಕನೇ ಯತ್ನ ಬಂತು, 30 ಗಜದ ಗೆರೆಯಲ್ಲಿ. ಒದ್ದು ಗುರಿ ಮುಟ್ಟಿಸಿದ್ದರೆ ಸಮ. ಮತ್ತೆ ನುಗ್ಗಿದರು, ಮತ್ತೆ ತಪ್ಪಿತು. ಕೊನೆಗೆ 34-31ರ ಸೋಲು.

ಒದೆಯಬೇಕಿತ್ತು ಎಂದು ಇವತ್ತಿಗೂ ವಾದಿಸುವವರಿದ್ದಾರೆ. ಕ್ಯಾಂಪ್‌ಬೆಲ್ ಮಾತ್ರ ಆ ನಿರ್ಧಾರಗಳಿಗೆ ವಿಷಾದವಿಲ್ಲ ಎಂದರು. ಅದು ಹಟ ಎಂದು ನನಗನ್ನಿಸುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಚಾಂಪಿಯನ್ನರ ಮುಂದೆ ತಮ್ಮದೇ ಗೆರೆಯ ಬಳಿ ಒದೆಯದೆ ಓಡಿದ್ದು ಯಾವ ಧೈರ್ಯವೋ, ಜನವರಿಯಲ್ಲಿ ನುಗ್ಗಿದ್ದೂ ಅದೇ ಧೈರ್ಯ. ಫಲ ಬಂದಾಗ ಅದನ್ನು ಛಲ ಎಂದು ಹೊಗಳಿ, ಬಾರದಿದ್ದಾಗ ಹುಂಬತನ ಎಂದು ಬೈಯುವುದು ನ್ಯಾಯವಲ್ಲ. ಸಂದರ್ಶನ ಮುಗಿಸಿ ಬಂದವರಿಗೆ ಆಯ್ಕೆಯಾದರೆ ಒಂದು ಮಾತು, ಆಗದಿದ್ದರೆ ಇನ್ನೊಂದು ಮಾತು ಕೇಳಿ ಅಭ್ಯಾಸವಿರುತ್ತದೆ. ಹೋದವರು ಅವರೇ, ಓದಿದ್ದೂ ಅದೇ.

ಕಪ್ ಗೆಲ್ಲದ ಸೀಸನ್ನನ್ನು ಮಹಾ ಸೀಸನ್ ಎನ್ನುವುದು ಹೇಗೆ ಎಂದು ಗೆಳೆಯನೊಬ್ಬ ಕೇಳಿದ. ಮರುವರ್ಷ, 2024ರಲ್ಲಿ ಲಯನ್ಸ್ 17ರಲ್ಲಿ 15 ಗೆದ್ದರು ಎಂಬುದು ನನ್ನ ಉತ್ತರ. ನಾಕೌಟ್‌ನಲ್ಲಿ ಮತ್ತೆ ಸೋತರು, ನಿಜ. ಆದರೆ ಗೆಲುವು ಆ ಊರಿನಲ್ಲಿ ಪವಾಡವಾಗಿ ಉಳಿಯಲಿಲ್ಲ.

ನಮಗೇನು?

ಇದನ್ನು 'ಕಷ್ಟಪಟ್ಟರೆ ಫಲ ಉಂಟು' ಎಂಬ ಸ್ಟೇಟಸ್ ವಾಕ್ಯ ಮಾಡಿಬಿಡಬಹುದು. ನನಗೆ ಅದರಲ್ಲಿ ಪೂರ್ತಿ ನಂಬಿಕೆಯಿಲ್ಲ. ಕಷ್ಟಪಟ್ಟೂ ಫಲ ಕಾಣದವರು ನನ್ನ ಸುತ್ತಲೇ ಇದ್ದಾರೆ. ಅಧಿಸೂಚನೆಗೆ ವರ್ಷಗಟ್ಟಲೆ ಕಾದು ವಯೋಮಿತಿ ಮೀರಿದವರಿದ್ದಾರೆ. "ಎರಡು ವರ್ಷ ಗ್ಯಾಪ್ ಯಾಕೆ?" ಎಂಬ ಒಂದು ಪ್ರಶ್ನೆಗೆ ಸಂದರ್ಶನವೇ ಮುಗಿದು ಎದ್ದುಬಂದವರಿದ್ದಾರೆ. ಅವರ ಪಾಲಿಗೆ ಕೊರತೆಯಾದದ್ದು ಶ್ರಮವಲ್ಲ.

ಲಯನ್ಸ್ ಎದ್ದದ್ದು ಮೂರು ಸಂಗತಿಗಳು ಒಂದಾದಾಗ. ಸೋತವರನ್ನು ಮೊದಲು ಕರೆಯುವ ನಿಯಮ ಒಂದು. ಅದು ದಶಕಗಳಿಂದ ಇತ್ತು, ಅದೊಂದರಿಂದಲೇ ಏನೂ ಆಗಲಿಲ್ಲ. ಸಿಕ್ಕ ಅವಕಾಶವನ್ನು ಅಡಿಪಾಯಕ್ಕೆ ಹಾಕುವ ತಿಳಿವಳಿಕೆ ಇನ್ನೊಂದು. ಅಡಿಪಾಯ ಮೇಲೇಳುವವರೆಗೆ ಕಾಯುವವರು ಇರುವುದು ಮೂರನೆಯದು. 1-6ರಲ್ಲಿ ಕ್ಯಾಂಪ್‌ಬೆಲ್‌ರನ್ನು ಕಳಿಸಿದ್ದರೆ ಇವತ್ತು ಈ ಬರಹವೇ ಇರುತ್ತಿರಲಿಲ್ಲ.

ಎರಡನೆಯದು ಮಾತ್ರ ನಮ್ಮ ಕೈಯಲ್ಲಿದೆ. ದಿನ ಕಳೆಯಲು ಇನ್ನೊಂದು ಸರ್ಟಿಫಿಕೇಟ್ ಸೇರಿಸುವ ಬದಲು ಯಾವುದು ನನ್ನ ಅಡಿಪಾಯ ಎಂದು ಕೇಳಿಕೊಳ್ಳುವುದು, ಫಲಿತಾಂಶ ಬರದ ದಿನವೂ ಲೆಕ್ಕಕ್ಕಿಲ್ಲದ ಪಂದ್ಯವನ್ನು ಗೆಲ್ಲಲೆಂದೇ ಆಡುವುದು. ಉಳಿದೆರಡು ಬೇರೆಯವರ ಕೈಯಲ್ಲಿವೆ. ಆದರೆ ನಾವೂ ಎಂದಾದರೂ ಮೇಜಿನ ಆ ಬದಿಯ ಕುರ್ಚಿಯಲ್ಲಿ ಕೂರುತ್ತೇವೆ. ಅರ್ಜಿಗಳ ಕಟ್ಟು ನಮ್ಮ ಮುಂದಿರುತ್ತದೆ. ಅಂದು 112ನೇ ಅರ್ಜಿಯನ್ನೂ ತೆರೆದು ಓದುವ ತಾಳ್ಮೆ ನಮಗಿರಲಿ. ನಮಗೆ ಯಾರೂ ಕೊಡಲಿಲ್ಲ ಎಂಬುದು ನಾವೂ ಕೊಡದಿರಲು ಕಾರಣವಾಗಬಾರದು.

2024ರ ಏಪ್ರಿಲ್‌ನಲ್ಲಿ ಡ್ರಾಫ್ಟ್ ನಡೆದದ್ದು ಡೆಟ್ರಾಯಿಟ್‌ನಲ್ಲೇ. ದಿವಾಳಿಯೆದ್ದಿದ್ದ ಊರಿನ ಬೀದಿಗಳಿಗೆ ಮೂರು ದಿನಗಳಲ್ಲಿ 7,75,000ಕ್ಕೂ ಹೆಚ್ಚು ಜನ ಬಂದರು. ಡ್ರಾಫ್ಟ್‌ಗೆ ಅಷ್ಟು ಜನ ಸೇರಿದ್ದು ಅದೇ ಮೊದಲು. ಒಂದೊಂದೇ ತಂಡದ ಹೆಸರು ಕರೆಯುತ್ತ ಹೋದರು. ವರ್ಷ ವರ್ಷವೂ ಮುಂದಿನ ಸಾಲಿನಲ್ಲಿ ನಿಂತಿರುತ್ತಿದ್ದ ಲಯನ್ಸ್‌ಗೆ ಆ ವರ್ಷ ಬಂದಿದ್ದ ಸರದಿ 29ನೆಯದು. ಬೇರೆ ತಂಡದೊಂದಿಗೆ ವಿನಿಮಯ ಮಾಡಿಕೊಂಡು 24ಕ್ಕೆ ಬಂದರೂ, ಸ್ವಂತ ಊರಿನಲ್ಲಿ, ಸ್ವಂತ ಜನರ ಮುಂದೆ ಅವರು 23 ಆಯ್ಕೆಗಳು ಮುಗಿಯುವವರೆಗೆ ಕಾಯಬೇಕಾಯಿತು. ಅಷ್ಟು ಹೊತ್ತು ಕಾಯಲು ಅಲ್ಲಿ ನೆರೆದವರಲ್ಲಿ ಯಾರಿಗೂ ಬೇಸರವಿರಲಿಲ್ಲ.